ಕಾಜಾ ಅಜ್ಜಿ ಇನ್ನೂ ಬಂದಿಲ್ಲ

ಜೂನ್ 3, ಸೋಮವಾರ, ಬೆಳಗ್ಗೆ 8

ಕಾಫಿ ಕೊಡಲು ಹೋದರೆ ಮಾವ ಇವತ್ತೂ ಆಗಲೇ ಕಂಪ್ಯೂಟರ್ ಮುಂದೆ. ಸ್ನಾನ ಮುಗಿದಿದೆ, ಕನ್ನಡಕ ಮೂಗಿನ ತುದಿಯಲ್ಲಿ, ಬೆರಳು ಸ್ಕ್ರೀನ್ ಮೇಲೆ ಸಾಲು ಹಿಡಿದು ಹೋಗುತ್ತಿದೆ. ಕೆಳಗೆ ಅಂಗಡಿ ತೆರೆಯುವ ಮುಂಚೆ ಒಂದು ಗಂಟೆ ನ್ಯೂಸ್‌ಗ್ರೂಪ್ — ಹೆಸರಿಗೆ ನ್ಯೂಸ್, ಒಳಗೆ ಬರೀ ಪ್ರಶ್ನೋತ್ತರ. ನಾನು ಈ ಮನೆಗೆ ಬಂದು ಇಪ್ಪತ್ತಾರು ದಿನ, ಒಂದು ದಿನವೂ ತಪ್ಪಿಲ್ಲ. (ಇಪ್ಪತ್ತಾರು ದಿನ... ಗಂಡ, ಗಂಡ, ನನ್ನ ಗಂಡ. ಬರೆದರೇ ಕೆನ್ನೆ ಬಿಸಿಯಾಗುತ್ತದೆ.)

ಮಾವ ಹೊಲಿಗೆ ಮಷಿನ್ ಮೆಕ್ಯಾನಿಕ್. ಮಷಿನ್ ಕಂಪನಿಯೇ ಇಪ್ಪತ್ತೊಂದು ವರ್ಷದ ಹಿಂದೆ ಈ ಗ್ರೂಪ್ ತೆರೆದದ್ದಂತೆ. ಊರೂರಿನ ಮೆಕ್ಯಾನಿಕ್‌ಗಳು, ಟೈಲರ್‌ಗಳು ಪ್ರಶ್ನೆ ಬರೆಯುತ್ತಾರೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಉತ್ತರ. ಮುಖ ನೋಡಿದವರಿಲ್ಲ, ಬರೀ ಅಡ್ಡಹೆಸರು. ಎಣ್ಣೆಡಬ್ಬಿ. ಮುರುಕುಸೂಜಿ. ಕಾಜಾ ಅಜ್ಜಿ — ಎಲ್ಲೋ ದೂರದಲ್ಲಿ ಅಂಗಿಗಳಿಗೆ ಕಾಜಾ ಹೊಲಿದೇ ಬದುಕುವ ಹೆಂಗಸು.

ಅತ್ತೆ ಹೇಳಿದ್ದು: "ಅದು ನಿನ್ನ ಮಾವನ ಎರಡನೇ ಸಂಸಾರ ಕಣೆ. ಒಬ್ಬಳೇ ಇದ್ದಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ. ನೂರಾ ನಲವತ್ತು ಜನಾನ ಎಲ್ಲಿ ಅಂತ ಹಿಡೀಲಿ?"

ಇವತ್ತು ಮಾವ ಕಾಫಿ ಮುಟ್ಟಲಿಲ್ಲ. ಕಂಪನಿಯ ನೋಟಿಸ್ ಬಂದಿದೆ. ಜೂನ್ 30ಕ್ಕೆ ಸಪೋರ್ಟ್ ನಿಲ್ಲಿಸುತ್ತಾರಂತೆ. ಸರ್ವರ್ ಬಂದ್. ಹಳೆಯ ಪೋಸ್ಟ್‌ಗಳೂ ಹೋಗುತ್ತವೆ. ಮೂರು ಸಲ ಓದಿದರು. "ಸರಿ" ಅಂದರು. ಅಂಗಡಿಗೆ ಇಳಿದು ಹೋದರು.

ಜೂನ್ 5, ಬುಧವಾರ

ನಾನು ಜೀನಿಯಸ್! ಮಾವನ ಫೋನಿನಲ್ಲೇ ಒಂದು ಚಾಟ್ ಗ್ರೂಪ್ ಮಾಡಿಬಿಟ್ಟೆ. ಹತ್ತೇ ನಿಮಿಷ. ಲಿಂಕ್ ನ್ಯೂಸ್‌ಗ್ರೂಪ್‌ನಲ್ಲಿ ಹಾಕಿದೆ, ಸಂಜೆಯೊಳಗೆ ಅರವತ್ತೊಂದು ಜನ. ಇಷ್ಟಕ್ಕೆ ಇಡೀ ಮನೆ ಎರಡು ದಿನ ಸಪ್ಪೆ ಮುಖ ಹಾಕಿಕೊಂಡಿತ್ತು.

ಮಾವ "ಮಾಡಮ್ಮ" ಅಂದರು, ಅಷ್ಟೆ. ಅವನು (ಗಂಡ!) ಮಾತ್ರ ಕೆಲಸ ಮುಗಿಸಿ ಕಾಲೇಜಿನ ಲ್ಯಾಬ್‌ನಿಂದ ಬಂದವನೇ ಫೋನ್ ನೋಡಿ ಹುಬ್ಬೇರಿಸಿದ. "ಮೇಡಂ, ಅಪ್ಪನ ಜನ ನಿಧಾನದವರು. ಇದು ತುಂಬಾ ಫಾಸ್ಟ್ ಆಗತ್ತೆ."

"ಹೊಟ್ಟೆಕಿಚ್ಚು ನಿಂಗೆ" ಅಂದೆ.

ಜೂನ್ 6, ಗುರುವಾರ, ಮಧ್ಯಾಹ್ನ

ಮುನ್ನೂರ ನಲವತ್ತು ಮೆಸೇಜ್. ಅರ್ಧ ಗುಡ್ ಮಾರ್ನಿಂಗ್ ಹೂವುಗಳು. ಮಾವ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೆಲಸಕ್ಕೆ ಹೋದರು. ಪಾಪ ಅನ್ನಿಸಿ ನಾನೇ ನೋಡಿಕೊಂಡೆ. ಕಾಜಾ ಅಜ್ಜಿ ಕೇಳಿದ್ದರು — ದಪ್ಪ ಬಟ್ಟೆಯಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ, ಸ್ಕೂಲ್ ಯೂನಿಫಾರ್ಮ್ ಇನ್ನೂರು ಅಂಗಿ ಕೊಡಬೇಕು. ಕೂಡಲೇ ಸರ್ಚ್ ಮಾಡಿ ಉತ್ತರ ಬರೆದೆ. "ದಾರದ ಬಿಗಿ ಹೆಚ್ಚಿಸಿ. ಸ್ಕ್ರೂ ಬಲಕ್ಕೆ ತಿರುಗಿಸಿ. ಇನ್ನೂ ಬಿಟ್ಟರೆ ಇನ್ನೂ ತಿರುಗಿಸಿ." ಒಂದೇ ನಿಮಿಷದಲ್ಲಿ. ಎಷ್ಟು ಹೆಮ್ಮೆ.

ಸಂಜೆ 5

ಸ್ಕ್ರೂ ಮುರಿದಿದೆ. ಅಜ್ಜಿ ಬರೆದಿದ್ದಾರೆ, "ನೀವು ಹೇಳಿದಿರಿ ಅಂತ ಗಟ್ಟಿಯಾಗಿ ತಿರುಗಿಸಿದೆ ಅಣ್ಣ." ಅಣ್ಣ ಅಂದರೆ ಮಾವ. ಫೋನ್ ಅವರದು, ಹೆಸರು ಅವರದು.

ಆಮೇಲೆ ಅಜ್ಜಿ ಗ್ರೂಪ್ ಬಿಟ್ಟರು. ಅವರ ಹಿಂದೆಯೇ ಎಣ್ಣೆಡಬ್ಬಿ.

ಜೂನ್ 11, ಮಂಗಳವಾರ

ಐದು ದಿನ ಈ ಡೈರಿ ಮುಟ್ಟಲು ಮುಖವಿರಲಿಲ್ಲ.

ಅವನಿಂದ ತಿಳಿಯಿತು, ಮಾವನ ನ್ಯೂಸ್‌ಗ್ರೂಪ್‌ನಲ್ಲಿ ಒಂದು ಪದ್ಧತಿಯಿದೆಯಂತೆ. ಯಾರೂ ಅದೇ ದಿನ ಉತ್ತರ ಕೊಡುವುದಿಲ್ಲ. ಅದೇ ಮಾಡೆಲ್ ಮಷಿನ್ ಬೆಂಚಿನ ಮೇಲಿಟ್ಟು, ಬಿಚ್ಚಿ, ಅದೇ ತೊಂದರೆ ತಂದು, ಸರಿಮಾಡಿ ನೋಡಿದ ಮೇಲೆಯೇ ಬರೆಯುವುದು. ಮೂರು ದಿನ, ಕೆಲವು ಸಲ ಮೂರು ವಾರ. ಅದಕ್ಕೇ ಅಲ್ಲಿನ ಮಾತನ್ನು ಜನ ಕಣ್ಣು ಮುಚ್ಚಿ ನಂಬುತ್ತಾರೆ. ನಂಬಿದ್ದಕ್ಕೇ ಅಜ್ಜಿಯ ಸ್ಕ್ರೂ ಮುರಿದದ್ದು.

ಅಂಗಡಿಗೆ ಇಳಿದು ಹೋದೆ. ಎಣ್ಣೆ ವಾಸನೆ, ಗೋಡೆಯುದ್ದಕ್ಕೂ ಬಿಚ್ಚಿಟ್ಟ ಮಷಿನ್ ತಲೆಗಳು. "ಮಾವ, ಆ ಉತ್ತರ ನೀವು ಬರೆದಿದ್ದಲ್ಲ. ನಾನು."

ಅವರು ಸ್ಕ್ರೂಡ್ರೈವರ್ ಒರೆಸಿದರು. ಒಂದು ಸಲ, ಎರಡು ಸಲ. "ಗೊತ್ತಮ್ಮ. ನಾನು ಬರೀ ಬಲ, ಎಡ ಅಂತ ಬರೆಯಲ್ಲ. ಎಷ್ಟು ಸುತ್ತು ಅಂತ ಬರೀತೀನಿ."

"ಹಾಗಾದ್ರೆ ಅವರಿಗೆ ಯಾಕೆ ಹೇಳಲಿಲ್ಲ?"

"ನನ್ನ ಸೊಸೆ ಮಾಡಿದ್ದು ಅಂತ ನಾಲ್ಕು ಜನರ ಮುಂದೆ ಹೇಳ್ಲಾ? ನೀನು ಮನೆಗೆ ಬಂದು ತಿಂಗಳಾಯ್ತಷ್ಟೆ."

ಅತ್ತುಬಿಟ್ಟೆ. ಅವರು ಮಷಿನ್ ಒರೆಸುವ ಬಟ್ಟೆಯನ್ನೇ ಕೊಟ್ಟರು. ಒರೆಸಿಕೊಂಡರೆ ಮುಖವೆಲ್ಲ ಕಪ್ಪು.

"ಅವರು ನಿಮ್ಮನ್ನು ಇನ್ನು ನಂಬಲ್ಲ ಮಾವ. ಹಳೇದು ಮುಚ್ಚಿದ ಮೇಲೆ, ನಂಬದೆ ಹೊಸ ಜಾಗಕ್ಕೆ ಯಾರೂ ಬರಲ್ಲ."

"ಅದು ಹೌದು" ಅಂದರು. ಸುಳ್ಳು ಸಮಾಧಾನ ಹೇಳುವ ಮನುಷ್ಯನಲ್ಲ. ಅಜ್ಜಿಯ ಮಾಡೆಲ್ಲಿನದೇ ಒಂದು ಮಷಿನ್ ಬೆಂಚಿಗೆತ್ತಿ ಸ್ಟೂಲ್ ತೋರಿಸಿದರು. "ಕೂತ್ಕೊ. ಬಿಚ್ಚು."

ಜೂನ್ 14, ಶುಕ್ರವಾರ

ಮೂರು ದಿನ. ಎರಡು ಉಗುರು ಮುರಿದಿವೆ, ಬೆರಳಿಗೆ ಮೂರು ಬ್ಯಾಂಡೇಜ್. ಅವನು ಒಂದೊಂದನ್ನೂ ಮುತ್ತಿಟ್ಟು ಎಣಿಸಿದ... ಸಾಕು.

ಉತ್ತರ ಸಿಕ್ಕಿತು. ಸೂಜಿ ಹಿಡಿಯುವ ಕಂಬಿ ಕೂದಲೆಳೆಯಷ್ಟು ಮೇಲೆ ಸರಿದರೆ ಕೆಳಗಿನ ಕೊಕ್ಕೆಗೆ ದಾರ ಸಿಕ್ಕುವುದಿಲ್ಲ. ಬಿಗಿಗೂ ಇದಕ್ಕೂ ಸಂಬಂಧವೇ ಇಲ್ಲ. ನಾನೇ ಸರಿಸಿ, ನಾನೇ ಕೆಡಿಸಿ, ನಾನೇ ಸರಿಮಾಡಿದೆ. ದಪ್ಪ ಬಟ್ಟೆಯ ಮೇಲೆ ಹೊಲಿಗೆ ಇರುವೆ ಸಾಲಿನಂತೆ ಹೋಯಿತು. ಮಾವ ಬೆರಳಿನಿಂದ ಸವರಿ "ಹೂಂ" ಅಂದರು. ಅತ್ತೆ ಅಡುಗೆಮನೆಯಿಂದಲೇ, "ಆ ಹೂಂಗೆ ನಾನು ಎಂಟು ವರ್ಷ ಕಾದಿದ್ದೆ, ಇವಳಿಗೆ ಮೂರೇ ದಿನಕ್ಕಾ?"

ನ್ಯೂಸ್‌ಗ್ರೂಪ್‌ನಲ್ಲಿ ನನ್ನ ಹೆಸರಲ್ಲೇ ಬರೆದೆ. ಅಡ್ಡಹೆಸರು: ಹೊಸ ಸೊಸೆ. ಅವತ್ತು ಬರೆದವಳು ನಾನು, ಮಾವ ಅಲ್ಲ. ಸ್ಕ್ರೂ ಮುರಿದದ್ದು ನನ್ನಿಂದ. ಆಮೇಲೆ ಕಂಬಿಯ ವಿಷಯ, ಸುತ್ತು ಎಣಿಸಿ. ಬದಲಿ ಸ್ಕ್ರೂ ಕಳಿಸುತ್ತೇವೆ, ವಿಳಾಸ ಕೊಡಿ ಅಂತ ಕೊನೆಯ ಸಾಲು. ಚಾಟ್ ಗ್ರೂಪ್ ಮುಚ್ಚಿದೆ.

ಜೂನ್ 19, ಬುಧವಾರ

ಅಜ್ಜಿಯಿಂದ ಎರಡೇ ಸಾಲು ಬಂತು. ಒಂದು ವಿಳಾಸ. ಇನ್ನೊಂದು — "ಇಪ್ಪತ್ತೊಂದು ವರ್ಷದಲ್ಲಿ ಈ ಗಂಡಸರು ಒಬ್ಬರೂ ಇಲ್ಲಿ ತಪ್ಪಾಯಿತು ಅಂತ ಬರೆದಿರಲಿಲ್ಲ." ಮಾವ ನಕ್ಕರು. ಸ್ಕ್ರೂ ಅವರೇ ಪ್ಯಾಕ್ ಮಾಡಿದರು, ಒಂದರ ಜೊತೆ ಎರಡು.

ಅವನು ಲ್ಯಾಬ್‌ನಲ್ಲಿ ಮೂಲೆಗೆ ಹಾಕಿದ್ದ ಕಂಪ್ಯೂಟರ್ ಒಂದನ್ನು ಕೇಳಿ ತಂದು ಅಂಗಡಿಯ ಬೆಂಚಿನ ಕೆಳಗೆ ಗ್ರೂಪಿಗೆ ಹೊಸ ಸರ್ವರ್ ಮಾಡಿದ್ದಾನೆ. ಹಳೆಯ ಪೋಸ್ಟ್‌ಗಳೆಲ್ಲ ಅದಕ್ಕೆ ಇಳಿದವು. ಅದೇ ಮೆಟ್ಟಿಲು, ಅದೇ ನಿಧಾನ. ಆದರೆ ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ಸರ್ವರ್ ವಿಳಾಸದ ಒಂದು ಸಾಲನ್ನು ತಾವೇ ಬದಲಿಸಬೇಕು. ನಾವು ಮಾಡಿಕೊಡಲು ಆಗುವುದಿಲ್ಲ. ಹೇಗೆಂದು ವಿವರಿಸಿ ನಾಲ್ಕು ಸಲ ಬರೆದೆ. ಮಾವ ಪ್ರತಿ ಸಲವೂ ಓದಿ, "ಇನ್ನೂ ನಿಧಾನ" ಅಂದರು.

ಜೂನ್ 30, ಭಾನುವಾರ, ಸಂಜೆ

ಹೊಸ ಜಾಗಕ್ಕೆ ಬಂದವರು ಐವತ್ತಾರು. ಬಂದವರೆಲ್ಲ ಒಂದು "ಹೂಂ" ಬರೆಯುತ್ತಿದ್ದಾರೆ. ಮುರುಕುಸೂಜಿ ಬಂದರು. ಕಾಜಾ ಅಜ್ಜಿ ಇಲ್ಲ. ಸ್ಕ್ರೂ ತಲುಪಿತೋ ಇಲ್ಲವೋ, ಅದೂ ಗೊತ್ತಿಲ್ಲ.

ಐದೂವರೆಗೆ ಹಳೆಯ ಗ್ರೂಪ್ ತೆರೆಯಲಿಲ್ಲ. ಎರರ್. ಮಾವ ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ. ನಾನು ಹೋಗಿ ಪಕ್ಕದಲ್ಲಿ ನಿಂತೆ. "ನಿನ್ನಿಂದ ಅಲ್ಲಮ್ಮ" ಅಂದರು, ನಾನು ಏನೂ ಕೇಳದಿದ್ದರೂ.

ಜುಲೈ 4, ಗುರುವಾರ, ಬೆಳಗ್ಗೆ 7.10

ಅಜ್ಜಿ ಬಂದರು.

ಹೂಂ ಅಲ್ಲ, ಬೈಗುಳ. "ನಾಲ್ಕು ದಿನ ಹಿಡಿಯಿತು ಹುಡುಗಿ. ನಿನ್ನ ವಿವರಣೆ ಮಹಾ ಗೋಜಲು. ಆ ಸರ್ವರ್ ವಿಳಾಸದಲ್ಲಿ ಚುಕ್ಕಿ ಎಲ್ಲಿ ಇಡಬೇಕು ಅಂತ ಬರೆಯಬಾರದಾ? ಸ್ಕ್ರೂ ಸರಿಯಾಗಿ ಕೂತಿತು. ಇನ್ನೂರು ಅಂಗಿ ಮುಗಿದವು. ಎಣ್ಣೆಡಬ್ಬಿ ನಮ್ಮ ಪಕ್ಕದೂರಿನವನಂತೆ, ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನು ಹಾಕಿದ ವಿಳಾಸ ನೋಡಿ ನಿನ್ನೆ ಕಂಪ್ಯೂಟರ್ ಹೊತ್ತುಕೊಂಡು ಮನೆಗೇ ಬಂದಿದ್ದ. ಅವನಿಗೂ ಆ ಸಾಲು ಬದಲಿಸೋಕೆ ಬರ್ತಿಲ್ಲ. ಇವತ್ತೂ ಬಂದು ಇಲ್ಲೇ ಕೂತಿದ್ದಾನೆ. ಹೇಳಿಕೊಡು, ಕಾಯ್ತಾ ಇದ್ದೀವಿ."

ಮಾವ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನಿಂದ ಇನ್ನೊಂದು ಎಳೆದು ತಂದು, ಕೀಬೋರ್ಡನ್ನು ನನ್ನ ಕಡೆಗೆ ತಳ್ಳಿದರು.