ಅತ್ತೆ ಆರಿಸಿದ ಪರದೆ

ಕುಬಿಹಾಳ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಸುನಿತಕ್ಕಾ,

ನಿನ್ನ ತಂಗಿ ನಂದಾಳ ಶರಣು. ಹೇಗಿದ್ದೀ? ಅಳ್ನಾವರದಲ್ಲಿ ಚಳಿ ಬಿದ್ದಿರಬೇಕು, ಮೊಣಕಾಲು ನೋವು ಹೇಗಿದೆ? ನನ್ನ ಆಪರೇಷನ್ ಆಗಿ ಮೊನ್ನೆಗೆ ಎರಡು ತಿಂಗಳು. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಎಡಗೈ ಮಾತ್ರ ಇನ್ನೂ ಹೆಗಲಿನ ಮೇಲಕ್ಕೆ ಏಳುವುದಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದೆಯಲ್ಲ, ನೀನಿಲ್ಲದಿದ್ದರೆ ನಾನು ಹೆದರಿಯೇ ಹೋಗುತ್ತಿದ್ದೆ.

ನಿನಗೊಂದು ಮಾತು ಹೇಳಿರಲಿಲ್ಲ. ನಮ್ಮ ಬಚ್ಚಲು ನೋಡಿದ್ದೀಯಲ್ಲ, ಅಡುಗೆಮನೆಯ ಮೂಲೆಯಲ್ಲಿ ಸೊಂಟದೆತ್ತರದ ಗೋಡೆ, ಬಾಗಿಲಿಲ್ಲ. ಗಂಡಸರು ಹೊಲಕ್ಕೆ ಹೋದ ಮೇಲೆ ನಮ್ಮ ಜಳಕ. ಹತ್ತೊಂಬತ್ತು ವರ್ಷ ಅತ್ತೆಯೇ ನನ್ನ ಬೆನ್ನು ತಿಕ್ಕಿದವರು, ಅದರಲ್ಲಿ ನಾಚಿಕೆ ಅನ್ನಿಸಿರಲಿಲ್ಲ. ಎಡಗಡೆಯ ಎದೆ ತೆಗೆದ ಮೇಲೆ ಅನ್ನಿಸತೊಡಗಿತು. ಹಳೆಯ ಸೀರೆ ಸುತ್ತಿಕೊಂಡೇ ನೀರು ಸುರಿದುಕೊಳ್ಳುತ್ತಿದ್ದೆ. ಅತ್ತೆ ಹತ್ತಿರ ಬಂದರೆ ಬೇಡವೆನ್ನುತ್ತಿದ್ದೆ. ಗಾಯವನ್ನು ನಾನೇ ನೋಡಿಕೊಂಡಿರಲಿಲ್ಲ. ದಿನಾ ತಂತಿಯ ಮೇಲೆ ಆ ಸೀರೆ ಒಣಗುವುದನ್ನು ಅತ್ತೆ ನೋಡುತ್ತಿದ್ದರು.

ಹೋದ ವಾರ ಒಂದು ದಿನ ಬೆಳಗ್ಗೆ ಅತ್ತೆ, "ನಂದಾ, ನಡಿ, ಕುಂದಗೋಳಕ್ಕ ಹೋಗೂಣು. ನನಗ ಬಚ್ಚಲಕ್ಕೊಂದು ಪರದಾ ಬೇಕು. ಯಾಕೋ ಈ ವಯಸ್ಸಿನಾಗ ನಾಚಿಕಿ ಬರಾಕತ್ತೈತಿ" ಎಂದರು. ಎಪ್ಪತ್ತೆರಡರ ನಮ್ಮತ್ತೆ ಮಲ್ಲಕ್ಕನಿಗೆ ನಾಚಿಕೆ! ಪರದೆ ಯಾರಿಗಾಗಿ ಎಂದು ತಿಳಿಯಿತು. ಆದರೆ ಅವರು ನನ್ನ ಹೆಸರೆತ್ತಲಿಲ್ಲವಲ್ಲ ಅಕ್ಕಾ, ಅದಕ್ಕೇ ಎದ್ದು ಹೊರಟೆ.

ಬಸ್ ನಿಲ್ದಾಣದ ಬಾಜು ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿರುವ ನಾಜಮೀನ್ ಮೊದಲು ಮೀನಿನ ಚಿತ್ರದ್ದೊಂದನ್ನು ತೆಗೆದಳು. ಅತ್ತೆ ಬೆಳಕಿಗೆ ಹಿಡಿದು ನೋಡಿ, "ಇದರಾಗ ಮೀನ ಅಷ್ಟ ಮುಚ್ಚತಾವು, ಮನಷ್ಯಾರು ಕಾಣತಾರು" ಎಂದರು. ಕಡೆಗೆ ಒಂದು ದಪ್ಪನೆಯ ನೀಲಿಯದನ್ನು ಬಿಡಿಸಿ, ಗಿರಾಕಿಗಳೆದುರೇ ಅದರ ಹಿಂದೆ ನಿಂತುಬಿಟ್ಟರು. "ನಂದಾ, ನಾ ಕಾಣಸ್ತೀನೇನ?" "ಕಾಲಷ್ಟ ಕಾಣಸ್ತಾವ್ರಿ." "ಕಾಣಲಿ ಬಿಡು, ಕಾಲಿಗೇನ ನಾಚಿಕಿ!" ನಾಜಮೀನ್ ನಕ್ಕಳು, ನಾನೂ ನಕ್ಕೆ. ಎರಡು ತಿಂಗಳ ಮೇಲೆ ನನ್ನ ನಗು ನನಗೇ ಹೊಸದೆನ್ನಿಸಿತು.

ಮನೆಯಲ್ಲಿ ಅದನ್ನು ತೂಗುಹಾಕುವುದೇ ದೊಡ್ಡ ರಂಪ. ಮಣ್ಣಿನ ಗೋಡೆಗೆ ನಮ್ಮ ಮನೆಯವರು ಮೊಳೆ ಹೊಡೆದರೆ ಹೆಂಟೆ ಹೆಂಟೆಯಾಗಿ ಉದುರಿತು. ಪರದೆ ಪೋಣಿಸಿದ ಪೈಪು ಎರಡು ಸಲ ಅವರ ತಲೆಯ ಮೇಲೆ ಬಿತ್ತು. "ಗ್ವಾಡಿ ಬಿಡಪಾ, ತೊಲಿಗೆ ಕಟ್ಟು" ಎಂದು ಅತ್ತೆ ಕೆಳಗಿನಿಂದ ಕೂಗಿದರು. ತೊಲೆಗೆ ತಂತಿ ಸುತ್ತಿ ಪೈಪು ಇಳಿಬಿಟ್ಟ ಮೇಲೆ ಅಗದಿ ಬಿಗಿಯಾಗಿ ನಿಂತಿತು. ಇವರು ಅದನ್ನು ಎರಡು ಸಲ ಜಗ್ಗಿ ನೋಡಿ, "ಇನ್ನ ಎಷ್ಟ ಹೊತ್ತ ಬೇಕಾದ್ರೂ ಜಳಕ ಮಾಡು" ಎಂದು ಹೊರಗೆ ಹೋದರು.

ನಿನ್ನೆ ಪರದೆ ಎಳೆದುಕೊಂಡು ಸೀರೆ ಬಿಚ್ಚಿಟ್ಟೆ. ಕೆಳಗೆ ನೋಡಿದೆ. ಅಳು ಬಂತು ಅಕ್ಕಾ, ಚೆನ್ನಾಗಿ ಅತ್ತುಬಿಟ್ಟೆ. ಆಚೆ ಅತ್ತೆ ಒಲೆ ಊದುವ ಸದ್ದು ನಿಂತಿತು. ನೀರು ಮೈಮೇಲೆ ಬೀಳುತ್ತ ಬೀಳುತ್ತ ಮನಸ್ಸು ಹಗುರಾಯಿತು. ಬೆನ್ನಿಗೆ ಕೈ ಎಟುಕದೆ, "ಅತ್ತೀ, ಬೆನ್ನ ತಿಕ್ಕತೀರೇನ್ರಿ?" ಎಂದೆ. ಪರದೆಯ ಅಂಚಿನಿಂದ ಕೈಯೊಂದು ಒಳಗೆ ಬಂತು. "ಕಣ್ಣ ಮುಚ್ಚೀನಿ, ನೀ ಅಂಜಬ್ಯಾಡ." "ತೆರೀರಿ ಅತ್ತೀ" ಎಂದೆ. ಒಳಗೆ ಬಂದು ಮೊದಲಿನಂತೆಯೇ ಬೆನ್ನು ತಿಕ್ಕಿದರು. ಆಮೇಲೆ ಮುಂದೆ ಬಂದು, ಗಾಯದ ಮೇಲೆ ಒಂದು ತಂಬಿಗೆ ನೀರನ್ನು ನಿಧಾನವಾಗಿ ಬಿಟ್ಟು, "ಆರೇತಿ ಬಿಡವಾ. ಛಲೋ ಆರೇತಿ" ಎಂದರು. ಇಂಥ ಅತ್ತೆ, ನಿನ್ನಂಥ ಅಕ್ಕ! ನಾನು ಪುಣ್ಯವಂತೆ.

ಭಾವನವರಿಗೆ ನನ್ನ ನಮಸ್ಕಾರ. ಅತ್ತೆ ನಿನಗೆ ಶರಣು ಹೇಳಿದ್ದಾರೆ.

ನಿನ್ನ
ನಂದಾ

ತಾ.ಕ.: ಒಂದೇ ತಾಯಿಯ ಮಕ್ಕಳು, ಅಕ್ಕನಿಗೂ ತಪಾಸಣೆ ಮಾಡಿಸಲೇಬೇಕು ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ. ಫೋನಿನಲ್ಲಿ ಈ ಮಾತೆತ್ತಿದರೆ ಕುಕ್ಕರ್ ಕೂಗುತ್ತಿದೆ ಎಂದು ಇಟ್ಟುಬಿಡುತ್ತೀ. ೨೧ಕ್ಕೆ, ಗುರುವಾರ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನ ತಪಾಸಣೆಯ ಪಾಳಿ ಇದೆ. ನಿನ್ನ ಹೆಸರನ್ನೂ ಬರೆಸಿದ್ದೇನೆ. ಬೆಳಗಿನ ಗಾಡಿಗೆ ಬಾ. ನಾನೂ ಅತ್ತೆಯೂ ಸ್ಟೇಶನ್ನಿನಲ್ಲಿ ನಿಂತಿರುತ್ತೇವೆ, ನೀನು ಇಳಿಯುವವರೆಗೆ ಕದಲುವುದಿಲ್ಲ.