ಎಡಕ್ಕೆ ಎಳೆಯುವ ಕೆಂಪು ಕಾರು

ಚಿತ್ರದುರ್ಗ
ಫೆಬ್ರವರಿ ೩೦, ೨೧೮೭

ಕೆಂಪು ಕಾರಿನ ಈಗಿನ ಯಜಮಾನರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಕೊಡಿಸಲು ನಮ್ಮ ಹಿಂದಿನವರು ಬಹಳ ಹೋರಾಡಿದರು. ಈಗ ಎಲ್ಲ ತಿಂಗಳಿಗೂ ಮೂವತ್ತೇ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ರಜೆ ಅಂತ ಹಂಚಿಬಿಟ್ಟಿದ್ದಾರೆ. ಪತ್ರದ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೇ. ‘ಪಾರ್ಕಿಂಗ್ ಸಿಗಲಿಲ್ಲ’ ಅನ್ನುವುದನ್ನು ನಮ್ಮ ಮಕ್ಕಳಿಗೆ ಅರ್ಥ ಮಾಡಿಸಲು ಶಾಲೆಯಲ್ಲಿ ಒಂದಿಡೀ ಪೀರಿಯಡ್ಡು ಬೇಕಾಗುತ್ತದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಆರೋಗ್ಯ ವಿಚಾರಿಸುವುದು ವಾಡಿಕೆ. ಆದರೆ ನೀವು ತೀರಿಹೋಗಿ ನೂರು ವರ್ಷದ ಮೇಲಾಗಿರುವುದರಿಂದ ಆ ವಿಷಯ ಬಿಡುತ್ತೇನೆ.

ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ. ಮುಂದಕ್ಕೆ ಹೋಗುವ ಅಂಚೆ ನಿಮ್ಮಲ್ಲೂ ಇತ್ತು. ಹಿಂದಿನ ಕಾಲಕ್ಕೆ ಹೋಗುವುದು ನಮ್ಮಲ್ಲಿ ಬಂದಿದೆ. ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇಲ್ಲಿಯವರೆಗೆ ಒಂದೇ ಒಂದು ದೂರೂ ಬಂದಿಲ್ಲ ಅಂತ ಇಲಾಖೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಬಹಳ ಜನ ತಮ್ಮ ಮುತ್ತಜ್ಜನಿಗೆ ಬರೆದು ಸೈಟು ಮಾರಬೇಡಿ ಅನ್ನುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಒಂದು ರೋಡ್ ಹಂಪಿನ ವಿಷಯವಾಗಿ. ಆದರೆ ಹಂಪು ಬರುವುದು ಕೊನೆಗೆ. ರಸ್ತೆಯಲ್ಲೂ ಅದು ಹಾಗೇ ತಾನೇ.

ನಿಮ್ಮ ಎರಡು ಸೀಟಿನ, ಟಾಪಿಲ್ಲದ ಸ್ಪೋರ್ಟ್ಸ್ ಕಾರು ಇನ್ನೂ ಇದೆ. ನಿಮ್ಮ ಕೈಗೆ ಬಂದಾಗಲೇ ಅದು ಮುದಿ ಗಾಡಿ ಅಂತ ಕೇಳಿದ್ದೇವೆ. ನೀವೂ ನಿಮ್ಮ ಗೆಳೆಯರೂ ಯಾವುದೋ ಭಾನುವಾರ ಅದರ ಕೆಳಗೆ ಮಲಗಿ ಕೆಲಸ ಮಾಡುತ್ತಿರುವ ಫೋಟೋ ನಮ್ಮಲ್ಲಿದೆ. ಕಾಣುವುದು ಸಾಲಾಗಿ ಚಾಚಿದ ಕಾಲುಗಳು ಮಾತ್ರ. ಬಲತುದಿಯ ಪಾದದ ಮೇಲೆ ಕಿಡಿ ಸಿಡಿದ ಕಪ್ಪು ಚುಕ್ಕೆಗಳಿವೆ. ಯಾವ ಜೋಡಿ ನಿಮ್ಮದೋ ತಿಳಿಯದು; ಎಲ್ಲಕ್ಕೂ ನಮಸ್ಕಾರ.

ಇಲ್ಲಿ ನಾವು ಓಡಾಡುವುದು ಕರೆಗಾಡಿಯಲ್ಲಿ. ಕರೆದರೆ ಬರುತ್ತದೆ, ಹೇಳಿದಲ್ಲಿ ಇಳಿಸುತ್ತದೆ, ನಡುವೆ ಬಿಸಿಲಿನ ಬಗ್ಗೆ ಮಾತಾಡುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿದರೆ ಊರಿಗೆ ಕರೆಂಟು. ಗಾಳಿ ಬಿದ್ದರೆ ಊರಿಗೂರೇ ಜಗಲಿಗೆ ಬಂದು ಕೂರುತ್ತದೆ, ಅದಕ್ಕೆ ನಿಲುಗಾಳಿ ರಜೆ ಅನ್ನುತ್ತೇವೆ. ಇಂಥ ಊರಿನಲ್ಲಿ ಪೆಟ್ರೋಲು ಕುಡಿಯುವ ಗಾಡಿ ಇಟ್ಟುಕೊಳ್ಳುವುದು ಅಂದರೆ ಹಿತ್ತಲಲ್ಲಿ ಹುಲಿ ಸಾಕಿದ ಹಾಗೆ. ಅದಕ್ಕೆಂದು ಹೋಳು ಕಾಯಿದೆ ಮಾಡಿದ್ದಾರೆ. ಇಡೀ ಗಾಡಿ ಯಾರೊಬ್ಬರ ಕೈಯಲ್ಲೂ ಇರಕೂಡದು. ಹೋಳು ಹೋಳಾಗಿ ಬೇರೆ ಬೇರೆ ಮನೆಗಳಲ್ಲಿರಬೇಕು. ವರ್ಷಕ್ಕೊಮ್ಮೆ, ಕೂಡುದಿನದಂದು, ಹೋಳುಗಳು ಸೇರಿ ಗಾಡಿಯಾಗಬಹುದು. ಆವತ್ತು ಅದು ಸ್ವಂತ ಬಲದಿಂದ, ನಡುವೆ ನಿಲ್ಲದೆ, ಒಂದು ಹರದಾರಿ ಓಡಬೇಕು. ನಿಮ್ಮ ಲೆಕ್ಕದಲ್ಲಿ ಐದು ಕಿಲೋಮೀಟರು ಅಂದುಕೊಳ್ಳಿ. ಓಡಿದರೆ ಅದು ವಾಹನ. ಓಡದಿದ್ದರೆ ಅದು ವಸ್ತು, ಮತ್ತು ವಸ್ತುಗಳು ಗಾಜುಮನೆಗೆ ಹೋಗುತ್ತವೆ. ಅಲ್ಲಿ ಎಂಜಿನ್ನಿನೊಳಗೆ ಅಂಟುರಾಳ ಸುರಿದು, ಇನ್ನೆಂದೂ ತಿರುಗದಂತೆ ಮಾಡಿ, ಬಹಳ ಚೆಂದವಾಗಿ ದೀಪ ಹಾಕಿಡುತ್ತಾರೆ.

ನಮ್ಮ ಬಳಗ ನಾಲ್ಕು ಜನರದ್ದು. ಸ್ಟೇರಿಂಗು ಓಬಕ್ಕನ ಮನೆಯಲ್ಲಿ. ಎಪ್ಪತ್ತು ದಾಟಿದ ಹೆಂಗಸು. ಈ ಜಿಲ್ಲೆಯಲ್ಲಿ ಕ್ಲಚ್ ತುಳಿದು ಗೇರು ಹಾಕಬಲ್ಲವರು ಅವರೊಬ್ಬರೇ. ಇಂಥವರಿಗೆ ಗೇರುಗಾರ್ತಿ ಅಂತ ಪರವಾನಗಿ ಕೊಡುತ್ತಾರೆ. ಗಾಡಿ ಗಾಜುಮನೆ ಸೇರಿದರೆ ಪರವಾನಗಿಯೂ ಅದರ ಜೊತೆಗೇ ಹೋಗುತ್ತದೆ. ಉಳಿದ ದಿನಗಳಲ್ಲಿ ಅವರು ಸೊಪ್ಪು ಬಿಡಿಸುತ್ತಾ, ಅಭ್ಯಾಸ ತಪ್ಪದಿರಲಿ ಅಂತ, ಎಡಗಾಲಲ್ಲಿ ಇಲ್ಲದ ಕ್ಲಚ್ ತುಳಿಯುತ್ತಿರುತ್ತಾರೆ. ಬ್ರೇಕುಗಳು ತಿಪ್ಪೇರುದ್ರಪ್ಪನವರ ಪಾಲು. ರಿಟೈರಾದ ಹಲ್ಲಿನ ಡಾಕ್ಟರು. ಲೋಕದಲ್ಲಿ ಯಾವುದೇ ಆಗಲಿ, ಓಡುವುದಕ್ಕಿಂತ ನಿಲ್ಲುವುದೇ ಮುಖ್ಯ ಅನ್ನುವ ಜಾತಿ. ಚಕ್ರಗಳು ಲೆಕ್ಕದ ಮೇಷ್ಟ್ರು ಮೆಹರುನ್ನೀಸಾ ಅವರಲ್ಲಿ. ಅವುಗಳಿಗೆ ಹಳೆಯ ದುಪಟ್ಟಾ ಹೊದಿಸಿ ಅಟ್ಟದ ಮೇಲೆ ಮಲಗಿಸಿದ್ದಾರೆ. ನನ್ನ ಪಾಲಿಗೆ ಬಂದದ್ದು ಡಿಸ್ಟ್ರಿಬ್ಯೂಟರು, ಅಂದರೆ ನಾಲ್ಕು ಸಿಲಿಂಡರಿಗೂ ಸರದಿ ಪ್ರಕಾರ ಕಿಡಿ ಹಂಚುವ ಸಣ್ಣ ಬಟ್ಟಲು. ಸರದಿ ಮರೆಯದಿರಲಿ ಅಂತ ನಾನೊಂದು ಪ್ರಾಸ ಕಟ್ಟಿದೆ: ‘ಒಂದು, ಮೂರು, ನಾಲ್ಕು, ಎರಡು, ತಪ್ಪಿದರೆ ಎಂಜಿನ್ನೇ ಕೊರಡು.’ ಬಳಗಕ್ಕೆಲ್ಲ ಅದು ಬಾಯಿಪಾಠ. ಮರೆಯಲು ಪ್ರಯತ್ನಪಟ್ಟರಂತೆ, ಆಗಲಿಲ್ಲವಂತೆ. ಇನ್ನು ಎಂಜಿನ್ನು, ಬಾಡಿ, ಚಾಸಿ, ಅದಕ್ಕೆ ಅಂಟಿಕೊಂಡ ಕಬ್ಬಿಣವೆಲ್ಲ ಹಳೇ ಹೆದ್ದಾರಿಯ ಟೋಲ್‌ಗೇಟಿನ ಪಕ್ಕದ ಶೆಡ್ಡಿನಲ್ಲಿ, ಸರ್ಕಾರದ ಬೀಗದೊಳಗಿವೆ. ಅದು ಯಾರ ಪಾಲೂ ಅಲ್ಲ. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಬಳಗಕ್ಕೆ ಒಂದು ಮರ್ಯಾದೆ ಇತ್ತು: ಇನ್ನೊಬ್ಬರ ಹೋಳಿನ ಬಗ್ಗೆ ಬಾಯಿ ಬಿಡಬಾರದು. ಬೀಗರ ಮನೆಯಲ್ಲಿ ಉಂಡು ಸಾರಿಗೆ ಉಪ್ಪು ಸಾಲದು ಅಂದಷ್ಟೇ ಅದು ಅಪಚಾರ. ಹೋದ ವರ್ಷದ ಕೂಡುದಿನ ಗಾಡಿ ಓಡಿತು, ಆದರೆ ಪ್ರತಿ ವರ್ಷಕ್ಕಿಂತ ಜೋರಾಗಿ, ದಾರಿಯುದ್ದಕ್ಕೂ ಎಡಕ್ಕೆ ಎಳೆಯಿತು. ಓಬಕ್ಕ ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಹಿಡಿದು ಹರದಾರಿ ಮುಗಿಸಿ, ಆಮೇಲೆ ವಾರಗಟ್ಟಲೆ ಬಲಗೈಯಲ್ಲಿ ತಟ್ಟೆ ಎತ್ತಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಗಾಡಿ ಬಿಚ್ಚಿದೆವು, ಅವರವರ ಹೋಳು ಎತ್ತಿಕೊಂಡು ಅವರವರ ಮನೆಗೆ ಹೋದೆವು. ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೇ ಯೋಚನೆ ಇತ್ತೆಂದು ತಿಳಿಯಲು ಒಂದು ವರ್ಷ ಹಿಡಿಯಿತು.

ಈ ವರ್ಷದ ಕೂಡುದಿನ ಹೋದ ವಾರ ಬಂತು. ಬೆಳಗ್ಗೆ ಟೋಲ್‌ಗೇಟಿನ ಅಗಲವಾದ ಸಿಮೆಂಟು ಬಯಲಿನಲ್ಲಿ ಸೇರಿದೆವು. ನೀವು ಅಲ್ಲಿ ಗಂಟೆಗಟ್ಟಲೆ ಸಾಲಾಗಿ ನಿಂತು, ದುಡ್ಡು ಕೊಟ್ಟು, ಮುಂದೆ ಹೋಗುತ್ತಿದ್ದಿರಿ ಅಂತ ನಾನು ಹೇಳಿದರೆ ಊರಿನವರು ನಂಬುವುದಿಲ್ಲ. ಯಾವುದೋ ಪೂಜೆ ಇದ್ದಿರಬೇಕು ಅನ್ನುತ್ತಾರೆ. ಚಹಾ ಕುಡಿದು, ಹೋಳುಗಳನ್ನು ಒಂದೊಂದಾಗಿ ಕೂಡಿಸಿದೆವು. ಗಾಜುಮನೆಯಿಂದ ವನಮಾಲಾ ಅನ್ನುವ ಪರೀಕ್ಷಕಿ ಬಂದಿದ್ದರು. ಮೆತ್ತನೆ ಮಾತಿನ ಹುಡುಗಿ. ಗಾಡಿಗೆ ಮುದ್ರೆ ಹಾಕಿದರು. ಮುದ್ರೆ ಬಿದ್ದ ಮೇಲೆ ಯಾರಾದರೂ ಪಾನಾ ಮುಟ್ಟಿದರೆ ಗಾಡಿ ಅಲ್ಲಿಗೇ ವಸ್ತು. ಪೆಟ್ರೋಲನ್ನೂ ಅವರೇ ಸುರಿದರು, ಸರ್ಕಾರ ಕೊಡುವ ಒಂದು ಸಣ್ಣ ಡಬ್ಬಿಯಿಂದ. ಹರದಾರಿಗೆ ಸಾಕು, ಎರಡನೇ ಪ್ರಯತ್ನಕ್ಕೆ ಸಾಲದು.

ಎಂಜಿನ್ನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂತ ಕೈಕಟ್ಟಿ ನಿಂತೆ. ಓಬಕ್ಕ ಗೇರು ಹಾಕಿದರು, ಗಾಡಿ ಹೊರಟಿತು, ಹೆದ್ದಾರಿಯ ಕಡೆ ಹೋಗುವ ಬದಲು ಬಲಕ್ಕೆ ತಿರುಗಿತು, ಟೋಲ್ ಬೂತನ್ನು ಒಂದು ಸುತ್ತು ಹಾಕಿ ನಮ್ಮ ಮುಂದೆಯೇ ಬಂತು. ಏನೋ ಖುಷಿಗೆ ಪ್ರದಕ್ಷಿಣೆ ಹಾಕಿದರು ಅಂದುಕೊಂಡೆ. ಎರಡನೇ ಸಲ ಬಂದಾಗ ಓಬಕ್ಕ, ಹಾಲು ಬಂದಿಲ್ಲ ಅನ್ನುವ ಧಾಟಿಯಲ್ಲಿ, “ಎಡಕ್ಕೆ ಬರ್ತಾ ಇಲ್ಲ ಕಣ್ರಪ್ಪ” ಅಂದು ಮತ್ತೆ ಬೂತಿನ ಹಿಂದೆ ಮರೆಯಾದರು. ನಿಲ್ಲಿಸುವ ಹಾಗಿಲ್ಲ. ಬಿಚ್ಚುವ ಹಾಗಿಲ್ಲ. ಬಲಗಡೆ ಮುಂಚಕ್ರದಿಂದ ಸುಟ್ಟ ವಾಸನೆ ಬರತೊಡಗಿತು.

ತಿಪ್ಪೇರುದ್ರಪ್ಪನವರು ನೆಲ ನೋಡುತ್ತಾ ಹೇಳಿದರು: “ಬಲಗಡೆ ಬ್ರೇಕು ಒಂಚೂರು ಹಿಡಿಯೋ ಹಾಗೆ ಮಾಡಿದ್ದೆ. ಎಡಕ್ಕೆ ಎಳೀತಿತ್ತಲ್ಲ, ಸಮ ಆಗ್ಲಿ ಅಂತ.”

ಮೆಹರುನ್ನೀಸಾ ಸುತ್ತುತ್ತಿದ್ದ ಗಾಡಿಯತ್ತ ಕೈ ತೋರಿಸಿದರು. “ಬಲಗಡೆ ಟೈರಿಗೆ ನಾನು ಗಾಳಿ ಕಮ್ಮಿ ಹಿಡಿದಿದ್ದೀನಿ ಡಾಕ್ಟ್ರೇ. ಅದಕ್ಕೇನೇ.”

ಮುಂದಿನ ಸುತ್ತಿನಲ್ಲಿ ಓಬಕ್ಕನಿಗೆ ಇದನ್ನು ಕೂಗಿ ತಿಳಿಸಿದೆವು. ಅವರ ಉತ್ತರ ಅದರ ಮುಂದಿನ ಸುತ್ತಿನಲ್ಲಿ ಬಂತು: ಸ್ಟೇರಿಂಗು ಎಡಕ್ಕೆ ಜಾಸ್ತಿ ಹೋಗದಂತೆ ಅವರೂ ಒಳಗೊಂದು ತಡೆ ಕೂರಿಸಿದ್ದರಂತೆ. ಮೂರು ಜನ, ಮೂರು ಮನೆ, ಒಂದೇ ರೋಗಕ್ಕೆ ಮೂರು ಮದ್ದು. ರೋಗಿ ಈಗ ಬೂತು ಸುತ್ತುತ್ತಿತ್ತು. ಬಳಗದಲ್ಲಿ ನಾನೊಬ್ಬನೇ ನಿರಪರಾಧಿ. ಅದು ನನ್ನ ಒಳ್ಳೆಯತನವೇನಲ್ಲ, ಕಿಡಿಗೆ ಎಡಬಲ ಇಲ್ಲ ಅಷ್ಟೇ.

ವನಮಾಲಾ ಹತ್ತಿರ ಬಂದು, ಬಹಳ ಸಂಕೋಚದಿಂದ, ಈ ಗಾಡಿ ಎಲ್ಲಿಗೂ ಹೋಗುತ್ತಿಲ್ಲವಲ್ಲ ಅಂದರು. ವಸ್ತು ಅನ್ನುವ ಮಾತು ಅವರ ಬಾಯಿಯವರೆಗೆ ಬಂದದ್ದು ಕಾಣುತ್ತಿತ್ತು. ಮೆಹರುನ್ನೀಸಾ, ತರಗತಿಯಲ್ಲಿ ಹೇಳುವ ಹಾಗೆ, “ಕಾಯಿದೆ ದೂರ ಕೇಳುತ್ತಮ್ಮ, ದಿಕ್ಕು ಕೇಳಲ್ಲ” ಅಂದರು. ವನಮಾಲಾ ಕಾಯಿದೆ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ, ಮೀಟರು ಹರದಾರಿ ತೋರಿಸುವವರೆಗೆ ನಿಲ್ಲಬಾರದು ಅಷ್ಟೇ ಅಂದು, ಕೊಡೆ ಬಿಚ್ಚಿಕೊಂಡು ನಿಂತರು.

ಇನ್ನು ಉಳಿದದ್ದು ಓಬಕ್ಕನ ತಲೆ. ಬೂತು ಸುತ್ತಿ ಸುತ್ತಿ ಮುಖ ಬಿಳಿಚಿಕೊಂಡಿತ್ತು. ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಕಣ್ಣು ಕತ್ತಲಿಟ್ಟು ಕಾಲು ಕ್ಲಚ್ಚಿಗೆ ಬಿದ್ದರೆ ಮುಗಿಯಿತು. ನೋಡಲು ಒಂದೊಂದು ತಿರುವಿಗೂ ಒಂದೊಂದು ಮುಖ ಇರಲಿ ಅಂತ ನಾವು ಬಯಲಿನ ಮೂಲೆಗಳಿಗೆ ಓಡಿದೆವು. ನಾನು ಸುಮ್ಮನೆ ನಿಲ್ಲಲಾರದೆ, ಗಾಡಿ ನನ್ನ ಮುಂದೆ ಹಾಯುವಾಗ “ಒಂದು” ಅಂದೆ. ಮುಂದಿನ ಮೂಲೆಯಿಂದ ಮೆಹರುನ್ನೀಸಾ “ಮೂರು” ಅಂದರು. ಅದರಾಚೆ ತಿಪ್ಪೇರುದ್ರಪ್ಪನವರು “ನಾಲ್ಕು” ಅಂದರು. ಅಂದು, ಹೊಗೆಯಾಡುವ ತಮ್ಮ ಬ್ರೇಕನ್ನು ನೋಡಿ, ಹಿಡೀಬೇಡ ಹಿಡೀಬೇಡ ಅಂತ ಬೇಡಿಕೊಂಡರು. ಜೀವಮಾನವೆಲ್ಲ ನಿಲ್ಲುವುದನ್ನು ನಂಬಿದ ಮನುಷ್ಯ. ನಾಲ್ಕನೆಯ ಮೂಲೆ ಖಾಲಿ. ನಾಲ್ಕನೆಯವರು ಗಾಡಿಯೊಳಗೇ ಇದ್ದರಲ್ಲ. ಅಲ್ಲಿ ಬಂದಾಗಲೆಲ್ಲ ಓಬಕ್ಕನ ತಲೆ ವಾಲುತ್ತಿತ್ತು.

ಒಂದು ಸುತ್ತಿನಲ್ಲಿ ಆ ಮೂಲೆಯಿಂದ “ಎರಡು” ಅನ್ನುವ ಸಣ್ಣ ದನಿ ಕೇಳಿಸಿತು. ವನಮಾಲಾ ಕೊಡೆ ಹಿಡಿದುಕೊಂಡು ಅಲ್ಲಿ ಹೋಗಿ ನಿಂತಿದ್ದರು. ಇದು ನಿಯಮದಲ್ಲಿ ಇದೆಯೋ ಇಲ್ಲವೋ ನಾವೂ ಕೇಳಲಿಲ್ಲ, ಅವರೂ ಓದಿ ನೋಡಲಿಲ್ಲ. ಒಂದು, ಮೂರು, ನಾಲ್ಕು, ಎರಡು. ನನ್ನ ಪ್ರಾಸ ಅಷ್ಟು ಜನರ ಬಾಯಲ್ಲಿ ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ಮೀಟರು ಹರದಾರಿ ದಾಟಿತು. ಇನ್ನರ್ಧ ಸುತ್ತು ಹೋಗಿ, ಪೆಟ್ರೋಲು ಮುಗಿದು, ಗಾಡಿ ತಾನಾಗಿ ನಿಂತಿತು. ಓಬಕ್ಕ ಇಳಿದವರು ನೆಟ್ಟಗೆ ನಡೆಯಲಾಗದೆ ಬಲಕ್ಕೇ ನಡೆದು ಬೂತಿಗೆ ಒರಗಿದರು. ಎಲ್ಲಿಂದ ಎಲ್ಲಿಗೆ ಅನ್ನುವ ಕಡೆ ವನಮಾಲಾ ‘ಟೋಲ್‌ಗೇಟಿನಿಂದ ಟೋಲ್‌ಗೇಟಿಗೆ’ ಅಂತ ಬರೆದು, ವಾಹನ ಅನ್ನುವ ಮುದ್ರೆ ಒತ್ತಿದರು.

ಹೋಳು ಬಿಚ್ಚುವ ಮೊದಲು, ಇಷ್ಟಕ್ಕೂ ಎಡಕ್ಕೆ ಎಳೆದದ್ದು ಯಾಕೆ ಅಂತ ನಾಲ್ವರೂ ಮೊದಲ ಸಲ ಒಟ್ಟಿಗೆ ಗಾಡಿಯ ಕೆಳಗೆ ಮಲಗಿದೆವು. ಸಿಕ್ಕಿತು. ಎಡ ಮುಂಚಕ್ರವನ್ನು ಹಿಡಿಯುವ ಕಬ್ಬಿಣದ ತೋಳು ಕೆಳಗಿನಿಂದ ಏಟು ತಿಂದು ಬಾಗಿದೆ, ಸೀಳಿದೆ, ಸೀಳಿಗೆ ಯಾರೋ ಬೆಸುಗೆ ಹಾಕಿದ್ದಾರೆ. ಅದು ಯಾರ ಪಾಲೂ ಅಲ್ಲವಾದ್ದರಿಂದ ಯಾರೂ ಬಗ್ಗಿ ನೋಡಿರಲಿಲ್ಲ. ಕೆಳಗಿನಿಂದ ಅಂಥ ಏಟು ಕೊಡುವ ವಸ್ತು ಒಂದೇ, ನಿಮ್ಮ ಕಾಲದ ಬಣ್ಣ ಬಳಿಯದ ರೋಡ್ ಹಂಪು. ಬೆಸುಗೆ ಮಾತ್ರ ಮಲ್ಲಿಗೆ ಮಾಲೆ ಕಟ್ಟಿದ ಹಾಗೆ, ಒಂದೊಂದು ಹೊಲಿಗೆಯೂ ಅದರದರ ಜಾಗದಲ್ಲಿ. ತೋಳನ್ನು ನೆಟ್ಟಗೆ ಮಾಡಿಸೋಣವೇ ಅಂತ ತಿಪ್ಪೇರುದ್ರಪ್ಪನವರು ಕೇಳಿದರು. ಓಬಕ್ಕ ಮಲಗಿದಲ್ಲಿಂದಲೇ, “ಬೇಡ ಬಿಡ್ರಿ. ಎಳೀಲಿ, ಅದರ ಗುಣ ಅದು. ನಾನು ಹಿಡ್ಕೋತೀನಿ” ಅಂದರು. ಆ ಮೂರೂ ಮದ್ದನ್ನು ತೆಗೆದಿದ್ದೇವೆ. ಇನ್ನು ಮೇಲೆ ಒಬ್ಬರ ಹೋಳಿನ ಬಗ್ಗೆ ಇನ್ನೊಬ್ಬರು ಬಾಯಿ ಬಿಡಬಹುದು ಅಂತಲೂ ತೀರ್ಮಾನವಾಯಿತು. ತಿಪ್ಪೇರುದ್ರಪ್ಪನವರು ತಕ್ಷಣ ನನ್ನ ಪ್ರಾಸದ ಬಗ್ಗೆ ಬಾಯಿ ಬಿಟ್ಟರು.

ಈಗ ಹಂಪಿನ ವಿಷಯ. ನಿಮ್ಮ ಮುಂದೆ ಒಂದು ದಿನ ಅದು ಬರಲಿದೆ. ದಯವಿಟ್ಟು ನಿಧಾನಿಸಿ ಅಂತ ಕೇಳಿಕೊಳ್ಳುವುದಕ್ಕೇ ನಾನು ಈ ಪತ್ರ ಶುರುಮಾಡಿದ್ದು. ಆದರೆ ಬರೆಯುತ್ತಾ ಬರೆಯುತ್ತಾ ಲೆಕ್ಕ ಹಾಕಿ ನೋಡಿದೆ. ನೀವು ನಿಧಾನಿಸಿದರೆ ತೋಳು ಬಾಗುವುದಿಲ್ಲ, ಗಾಡಿ ಎಡಕ್ಕೆ ಎಳೆಯುವುದಿಲ್ಲ, ನಮ್ಮ ಗಾಡಿ ಪ್ರತಿ ವರ್ಷ ನೆಟ್ಟಗೆ ಓಡುತ್ತದೆ, ಮತ್ತು ನಾವು ನಾಲ್ವರು ಇನ್ನೊಬ್ಬರ ಸಾರಿಗೆ ಉಪ್ಪು ಸರಿಯಾಗಿದೆ ಅನ್ನುತ್ತಲೇ ಸಾಯುತ್ತೇವೆ. ಆದ್ದರಿಂದ ಆ ಕೋರಿಕೆ ವಾಪಸು ಪಡೆದಿದ್ದೇನೆ. ಆವತ್ತು ಯಾವ ವೇಗದಲ್ಲಿ ಹೋಗಬೇಕೆಂದಿದ್ದೀರೋ ಹಾಗೇ ಹೋಗಿ. ಸೊಂಟ ಮಾತ್ರ ಜೋಪಾನ.

ಬದಲಿಗೆ ಇನ್ನೊಂದು ಕೇಳುತ್ತೇನೆ. ಗುದ್ದಿದ ಮೇಲೆ ಬೇರೆ ಎಲ್ಲೂ ಹೋಗಬೇಡಿ. ನಿಮ್ಮ ಬಳಗದಲ್ಲಿ ಪಾದದ ಮೇಲೆ ಬೆಸುಗೆಯ ಕಿಡಿ ಸಿಡಿದ ಕಪ್ಪು ಚುಕ್ಕೆಗಳಿರುವ ಗೆಳೆಯರೊಬ್ಬರಿದ್ದಾರಲ್ಲ, ಆ ಭಾನುವಾರ ಅವರನ್ನೇ ಕರೆಯಿರಿ. ಕೆಲಸ ಮುಗಿಸಿ ಎದ್ದು, ಇದು ಎಷ್ಟು ದಿನ ತಡೆಯುತ್ತೋ ಗೊತ್ತಿಲ್ಲ ಅಂತ ಅವರು ಹೇಳಿಯೇ ಹೇಳುತ್ತಾರೆ, ಬೆಸುಗೆ ಹಾಕುವವರೆಲ್ಲ ಹೇಳುತ್ತಾರೆ. ಆಗ ಈ ಪತ್ರ ನಿಮ್ಮ ಕೈಯಲ್ಲಿದ್ದರೆ, ಇನ್ನೂ ಬಿಟ್ಟಿಲ್ಲ ಅಂತ ಅವರಿಗೆ ಹೇಳಿ.

ಕಿಡಿಯ ಹೊಣೆ ಹೊತ್ತ,
ಪಾಲಾಕ್ಷಪ್ಪ