ಸಮಾಧಿ ಗುಡ್ಡದ ಸಿಗ್ನಲ್

ವರ್ನಾ ಅತ್ತೆ,

ದಿನಾ ಬೆಳಿಗ್ಗೆ ನಾನು ಸಮಾಧಿ ಗುಡ್ಡಕ್ಕೆ ಹೋಗುವುದು ಅಳುವುದಕ್ಕಲ್ಲ. ನಮ್ಮ ಕೊಲ್ಲಿಯ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ, ಪೈಪೋಟಿಗೂ ಯಾರೂ ಇಲ್ಲ. ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು, ಕಾರಿನಲ್ಲೇ ಕೂತು ಆಫೀಸಿನ ಕೆಲಸ ಮಾಡುತ್ತೇನೆ.

ಪಾದ್ರಿಯವರ ಮುಂದೆ ಅದೇನು ಕಥೆ ಕಟ್ಟಿದಿರೋ! ನಿನ್ನೆ ಮೀಟಿಂಗಿನ ನಡುವೆ ಅವರು ಬಂದು ಕಾರಿನ ಕಿಟಕಿ ತಟ್ಟಿ, "ಅತ್ತುಬಿಡು ಮಗಳೇ, ಹಗುರಾಗುತ್ತೆ" ಅಂದರು. ಆಫೀಸಿನವರೆಲ್ಲ ಕೇಳಿಸಿಕೊಂಡರು. "ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ" ಅಂದಿದ್ದಾರೆ. ಇವತ್ತು ಯಾರನ್ನೂ ಕಳಿಸಬೇಡಿ.

ಬಟಾಣಿ ಸೂಪು ಒಲೆಯ ಮೇಲಿದೆ. ಕುಡಿದು, ಒಲೆ ಆರಿಸಿ, ನನ್ನ ಕೆಲಸ ಮುಗಿಯುವ ಮೂರು ಗಂಟೆಗೆ ನೀವೇ ಗುಡ್ಡಕ್ಕೆ ಬನ್ನಿ. ಕಾರಿನಿಂದ ನಿಮ್ಮ ಮಗನ, ನನ್ನ ಕ್ಲೇಟನ್‌ನ ಸಮಾಧಿ ಕಾಣುತ್ತದೆ. ಈವರೆಗೆ ಒಮ್ಮೆಯೂ ಇಳಿದು ಹತ್ತಿರ ಹೋಗಿಲ್ಲ. ನೀವು ಜೊತೆಗಿದ್ದರೆ ಹೋಗುತ್ತೇನೆ.

ಲೋಯಿಸ್